ಬುಲೆಟ್ ಟ್ಯಾಪೆಟ್: ಟಿಡಿಸಿ ಬಿಟ್ಟು ಸೆಟ್ ಮಾಡಿದ ನನ್ನ ಅನುಭವ

ಟ್ಯಾಪೆಟ್ ಸೆಟ್ ಮಾಡುವುದೆಂದರೆ ವಾಲ್ವು ಎತ್ತುವ ಭಾಗಗಳ ನಡುವಿನ ಸಂದು ಸರಿ ಮಾಡುವುದು; ಟಿಡಿಸಿ ಅಂದರೆ ಪಿಸ್ಟನ್ ತೀರಾ ಮೇಲೆ ಬಂದ ಜಾಗ. ಗಾಡಿ ಹಳೇ ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್ 350, ಮೂಡಿಗೆರೆ ಕಡೆಯ ತೋಟದವರದು. ಕಿಕ್ ಹೊಡೆದರೆ ಕಾಲಿಗೆ ಕಂಪ್ರೆಷನ್ ಚೆನ್ನಾಗಿಯೇ ಸಿಗುತ್ತಿತ್ತು. ಚಾರ್ಮಾಡಿ ಘಾಟಿ ಹತ್ತಿಸಿದರೆ ಮಾತ್ರ ಎಳೆತವೇ ಇಲ್ಲ, ಸೈಲೆನ್ಸರಿನಲ್ಲಿ ಪಟಪಟ. ಕೆಲವು ತಿಂಗಳಿಗೊಮ್ಮೆ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ಹೋಗುತ್ತಿತ್ತು. ನನ್ನ ಹತ್ತಿರ ಬರುವಷ್ಟರಲ್ಲಿ ವಾಲ್ವು, ಗೈಡು, ಸೀಟ್ ಕಟಿಂಗು, ಲೇತಿನ ಕೂಲಿ ಅಂತ ಅವರಿಗೆ ಏಳೆಂಟು ಸಾವಿರ ಕೈಬಿಟ್ಟಿತ್ತು.

ಹೆಡ್ ಇಳಿಸಿದೆ. ಪೇಸ್ಟ್ ಹಚ್ಚಿ ವಾಲ್ವನ್ನು ಕೈಯಲ್ಲೇ ಉಜ್ಜಿ, ಪೋರ್ಟಿಗೆ ಸೀಮೆಎಣ್ಣೆ ಸುರಿದು ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ನೋಡಿದರೆ ಒಂದು ತೊಟ್ಟೂ ಸೋರಿಲ್ಲ. ಕೂರಿಸಿ ಓಡಿಸಿದರೆ ಮತ್ತೆ ಅದೇ ಕಥೆ. ಕಿಕ್ ಹಗುರ ಮಾಡಲು ಕಂಪ್ರೆಷನ್ ಹೊರಬಿಡುವ ಡಿಕಂಪ್ರೆಸರ್ ಬಿಚ್ಚಿ ಆ ತೂತಿಗೆ ಬೋಲ್ಟ್ ಹಾಕಿ ಮುಚ್ಚಿದೆ, ಸ್ಪ್ರಿಂಗ್ ಹೊಸದು ಹಾಕಿದೆ, ಕಾರ್ಬ್ಯುರೇಟರಿನ ಜೆಟ್ ಬದಲಾಯಿಸಿದೆ. ಯಾವುದಕ್ಕೂ ಜಗ್ಗಲಿಲ್ಲ. ಅಷ್ಟು ಕಳೆದುಕೊಂಡವರ ಹತ್ತಿರ ಮತ್ತೆ ದುಡ್ಡು ಕೇಳಲು ಮನಸ್ಸಾಗದೆ ಅದೆಲ್ಲ ನನ್ನ ಜೇಬಿನಿಂದಲೇ ಹೋಯಿತು.

ಆಮೇಲೆ ಕೂತು ಯೋಚಿಸಿದೆ. ಮೇಜಿನ ಮೇಲೆ ಸೋರದ ವಾಲ್ವು ಎಂಜಿನ್ನಿಗೆ ಕೂರಿಸಿದ ಮೇಲೆ ಸೋರುತ್ತದೆ ಅಂದರೆ ಅದನ್ನು ಏನೋ ಎತ್ತಿ ಹಿಡಿಯುತ್ತಿರಬೇಕು. ಎತ್ತುವುದು ಕ್ಯಾಮು, ಟ್ಯಾಪೆಟ್ಟು, ಪುಶ್ ರಾಡು, ರಾಕರು, ಇಷ್ಟೇ: ತಿರುಗುವ ಕ್ಯಾಮಿನ ಉಬ್ಬು ಟ್ಯಾಪೆಟ್ಟನ್ನು, ಅದು ರಾಡನ್ನು, ರಾಡು ರಾಕರನ್ನು ತಳ್ಳಿ ವಾಲ್ವು ತೆರೆಯುತ್ತದೆ. ಕಂಪ್ರೆಷನ್ ಟಿಡಿಸಿಯಲ್ಲಿ, ಅಂದರೆ ಎರಡೂ ವಾಲ್ವು ಮುಚ್ಚಿ ಪಿಸ್ಟನ್ ಮೇಲೆ ಬಂದಾಗ, ರಾಡು ಬೆರಳಿಗೆ ಸಲೀಸಾಗಿ ತಿರುಗುತ್ತಿತ್ತು, ಮೇಲೆ ಕೆಳಗೆ ಆಟ ಇರಲಿಲ್ಲ. ಕಂಪನಿ ಹೇಳುವುದೂ ಅದನ್ನೇ. ಪ್ಲಗ್ ತೆಗೆದು, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ರಾಡಿನ ಮೇಲೆ ಬೆರಳಿಟ್ಟುಕೊಂಡೇ ಇದ್ದೆ. ಟಿಡಿಸಿ ದಾಟಿ ನಲವತ್ತು ಐವತ್ತು ಡಿಗ್ರಿ ಹೋಗುವಷ್ಟರಲ್ಲಿ ರಾಡು ಬಿಗಿದುಕೊಂಡಿತು! ಒಳಗೆ ಬೆಂಕಿ ಉರಿದು ಪಿಸ್ಟನ್ನನ್ನು ತಳ್ಳುವ ಹೊತ್ತು ಅದು. ವಾಲ್ವು ಕೂದಲೆಳೆಯಷ್ಟು ಎದ್ದರೂ ಸಾಕು, ಉರಿ ಅಂಚನ್ನು ಸವರಿಕೊಂಡೇ ಹೊರಗೆ ಹೋಗುತ್ತದೆ. ಸೀಟಿಗೆ ಒತ್ತಿ ಕೂತರೆ ತಾನೇ ವಾಲ್ವಿನ ಬಿಸಿ ಇಳಿಯುವುದು? ಕಿಕ್ಕಿಗೆ ಕಂಪ್ರೆಷನ್ ಯಾಕೆ ಸಿಗುತ್ತಿತ್ತು ಅನ್ನುವುದಕ್ಕೂ ಉತ್ತರ ಅಲ್ಲೇ ಇತ್ತು: ಟಿಡಿಸಿ ತನಕ ವಾಲ್ವು ಮುಚ್ಚಿಯೇ ಇರುತ್ತಿತ್ತು.

ಟೈಮಿಂಗ್ ಕವರ್ ಬಿಚ್ಚಿದರೆ, ಯಾವುದೋ ಕಾಲದಲ್ಲಿ ವೆಲ್ಡ್ ಮಾಡಿ ಗ್ರೈಂಡ್ ಮಾಡಿಸಿದ ಎಕ್ಸಾಸ್ಟ್ ಕ್ಯಾಮು. ಉಬ್ಬು ಚೆನ್ನಾಗಿಯೇ ಬಂದಿದೆ, ದುಂಡಗಿನ ಬೆನ್ನು ಮಾತ್ರ ಸೆಂಟರಿಗಿಲ್ಲ. ಡಯಲ್ ಗೇಜಿನಲ್ಲಿ ಆರೇಳು ತೌ (ಇಂಚಿನ ಸಾವಿರದ ಒಂದು ಪಾಲು ಒಂದು ತೌ) ಓಟ. ಹೊಸ ಕ್ಯಾಮ್ ಸೆಟ್ಟಿಗೆ ಮತ್ತೆ ಮೂರು ನಾಲ್ಕು ಸಾವಿರ ಬೇಕಿತ್ತು. ಬೇಡ ಅಂದೆ. ಕ್ಯಾಮಿನ ಬೆನ್ನಿನ ಮೇಲೆ ಎಲ್ಲಿ ಅತಿ ಬಿಗಿಯೋ ಅಲ್ಲೇ ರಾಡು ಸಲೀಸಾಗಿ ತಿರುಗುವಂತೆ ಸೆಟ್ ಮಾಡಿದೆ. ಟಿಡಿಸಿಯಲ್ಲಿ ಆ ಆರೇಳು ತೌ ಆಟ ಉಳಿಯಿತು.

ಪೇಟೆಯ ಹಿರಿಯ ಮೆಕ್ಯಾನಿಕ್ಕರು ಸದ್ದು ಕೇಳಿಯೇ, "ಏನಪ್ಪಾ ಇದು, ಟ್ಯಾಪೆಟ್ ಇಷ್ಟು ಸಡಿಲ ಬಿಟ್ಟಿದ್ದೀಯ? ಬಿಸಿಯಾದರೆ ಇನ್ನೂ ಬಡಿಯುತ್ತೆ, ತಿಂಗಳಲ್ಲಿ ರಾಕರ್ ಹೋಗುತ್ತೆ ನೋಡು" ಅಂದರು. ಬಿಸಿಗೆ ಸದ್ದು ಸ್ವಲ್ಪ ಹೆಚ್ಚುವುದು ನಿಜ. ಆದರೆ ಎರಡು ಮಳೆಗಾಲ ಕಳೆದು, ಹತ್ತು ಹನ್ನೆರಡು ಸಾವಿರ ಕಿಲೋಮೀಟರ್ ಓಡಿದ ಮೇಲೆ ಅವರೆದುರಿಗೇ ಹೆಡ್ ಇಳಿಸಿದೆ. ವಾಲ್ವಿನ ಸುತ್ತ ಒಂದೇ ಸಮ ಬೂದು ಉಂಗುರ, ರಾಕರ್ ತುದಿಯಲ್ಲಿ ಗುಳಿ ಇಲ್ಲ. ಈಗ ಅಂಥ ಗಾಡಿ ಬಂದರೆ ಅವರೇ ನನ್ನಲ್ಲಿಗೆ ಕಳಿಸುತ್ತಾರೆ.

ಒರಿಜಿನಲ್ ಕ್ಯಾಮಿನ ಗಾಡಿಗಳಲ್ಲೂ ಹೀಗೇ ತಿರುಗಿಸಿ ನೋಡಿದ್ದೇನೆ. ಒಂದು ತೌ ಆಚೀಚೆ ಬಂದರೆ ಹೆಚ್ಚು, ಅದಕ್ಕೆ ಟಿಡಿಸಿಯೇ ಸಾಕು. ಯುಸಿಇ ಬುಲೆಟ್ಟಿನದು (ಎಂಜಿನ್ನು ಗೇರ್ ಬಾಕ್ಸು ಒಂದೇ ಕೇಸಿನಲ್ಲಿರುವ ಆಮೇಲಿನ ಮಾದರಿ) ಆಯಿಲ್ ಒತ್ತಡದಿಂದ ತಾನೇ ಸಂದು ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್, ಅಲ್ಲಿ ಈ ಕೆಲಸವೇ ಇಲ್ಲ. ಹಳೇ ಅಂಬಾಸಿಡರ್ ಪೆಟ್ರೋಲ್ ಎಂಜಿನ್ನಿಗೆ ಒಂಬತ್ತರ ಲೆಕ್ಕ ಇದೆ: ಎಂಟನೇ ವಾಲ್ವು ಪೂರ್ತಿ ತೆರೆದಾಗ ಒಂದನೆಯದನ್ನು ಸೆಟ್ ಮಾಡುವುದು, ಎರಡರ ನಂಬರು ಕೂಡಿದರೆ ಒಂಬತ್ತು. ಅಲ್ಲೂ ಮತ್ತೆ ಗ್ರೈಂಡ್ ಮಾಡಿಸಿದ ಕ್ಯಾಮ್ ಆದರೆ ಅಷ್ಟಕ್ಕೇ ನಂಬಬೇಡಿ, ಬೆನ್ನು ಪೂರ್ತಿ ತಿರುಗಿಸಿ ಸಂದು ಅಳೆಯುವ ಫೀಲರ್ ಪಟ್ಟಿ ಹಾಕಿ.

ಲಾಕ್ ನಟ್ ಬಿಗಿ ಮಾಡುವಾಗ ಸೆಟ್ಟಿಂಗ್ ಜರುಗದಂತೆ ಸ್ಪ್ಯಾನರ್ ಹಿಡಿಯುವುದರಲ್ಲಿ ನನ್ನದೊಂದು ವರಸೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗ್ಯಾರೇಜಿಗೆ ಬಂದವರಿಗೆ ತೋರಿಸುತ್ತೇನೆ.