ಮೌಸ್ ಮುಟ್ಟದೆ ಫೋಲ್ಡರ್‌ಗಳಲ್ಲಿ ಓಡಾಡುವುದು ಹೇಗೆ?

ಕಣ್ಣಿಗೆ ಇಡೀ ಪರದೆ ಒಟ್ಟಿಗೆ ಕಾಣುತ್ತದೆ. ಕಿವಿಗೆ ಒಂದು ಸಲಕ್ಕೆ ಒಂದೇ ಹೆಸರು. ಹಾಗಾಗಿ ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಫೈಲ್ ಹುಡುಕುವ ಮೊದಲು ತಾವು ಯಾವ ಫೋಲ್ಡರ್‌ನಲ್ಲಿದ್ದೇವೆ ಅನ್ನುವುದನ್ನು ತಿಳಿದುಕೊಳ್ಳಬೇಕು.

ಇಲ್ಲಿರುವುದು ವಿಂಡೋಸ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವರಿಗೆ. ದೃಷ್ಟಿಯಿಲ್ಲದ ಆಸ್ಟ್ರೇಲಿಯಾದ ಯುವಕ ಮೈಕಲ್ ಕರನ್ 2006ರಲ್ಲಿ ಶುರುಮಾಡಿದ ಈ ತಂತ್ರಾಂಶ ಇವತ್ತಿಗೂ ಉಚಿತ.

ಮೊದಲು ಕಂಟ್ರೋಲ್, ಆಲ್ಟ್, ಎನ್ ಒಟ್ಟಿಗೆ ಒತ್ತಿ ಎನ್‌ವಿಡಿಎ ಶುರುಮಾಡಿ. ಆಮೇಲೆ ವಿಂಡೋಸ್ ಕೀ ಜೊತೆ ಇ ಒತ್ತಿದರೆ ಫೈಲ್ ಎಕ್ಸ್‌ಪ್ಲೋರರ್ ತೆರೆಯುತ್ತದೆ. ಇನ್ಸರ್ಟ್ ಮತ್ತು ಟಿ ಒತ್ತಿ: ಕಿಟಕಿಯ ಶೀರ್ಷಿಕೆ, ಅಂದರೆ ಫೋಲ್ಡರ್ ಹೆಸರು, ಕೇಳಿಸುತ್ತದೆ. ಇನ್ಸರ್ಟ್ ಜೊತೆ ಟ್ಯಾಬ್ ಒತ್ತಿದರೆ ಈಗ ಯಾವುದರ ಮೇಲಿದ್ದೀರಿ ಎಂದು ಗೊತ್ತಾಗುತ್ತದೆ. ದಾರಿ ತಪ್ಪಿತು ಅನಿಸಿದಾಗೆಲ್ಲ ಈ ಎರಡೇ ಸಾಕು. ಮಾತು ಜಾಸ್ತಿಯಾಯಿತಾ? ಕಂಟ್ರೋಲ್ ಒತ್ತಿ, ಸುಮ್ಮನಾಗುತ್ತದೆ.

ಹೊಸಬರನ್ನು ಕಾಡುವುದು ಐಕಾನ್ ನೋಟ, ಅಂದರೆ ಫೈಲ್‌ಗಳು ಚಿತ್ರಗಳಾಗಿ ಅಕ್ಕಪಕ್ಕ ಸಾಲಾಗಿ ಇರುವ ನೋಟ. ಅದರಲ್ಲಿ ಕೆಳಬಾಣ ಒತ್ತಿದರೆ ಪಕ್ಕದ ಫೈಲ್‌ಗಳನ್ನೆಲ್ಲ ಬಿಟ್ಟು ಕೆಳಗಿನ ಸಾಲಿಗೆ ಹಾರುತ್ತದೆ. ಫೈಲ್ ಕಳೆದೇ ಹೋಯಿತು ಅಂದುಕೊಳ್ಳುತ್ತಾರೆ, ಪಾಪ. ಕಂಟ್ರೋಲ್, ಶಿಫ್ಟ್, 6 ಒತ್ತಿ ವಿವರ ನೋಟಕ್ಕೆ ಬನ್ನಿ. ಆಗ ಒಂದರ ಕೆಳಗೆ ಒಂದರಂತೆ ಎಲ್ಲವೂ ಸಿಗುತ್ತವೆ.

ಎಂಟರ್ ಒಳಗೆ ಕರೆದೊಯ್ಯುತ್ತದೆ. ಆಲ್ಟ್ ಜೊತೆ ಮೇಲಿನ ಬಾಣ ಹೊರಗಿನ ಫೋಲ್ಡರ್‌ಗೆ, ಆಲ್ಟ್ ಜೊತೆ ಎಡಬಾಣ ಹಿಂದೆ ಇದ್ದ ಜಾಗಕ್ಕೆ. ಇವೆರಡೂ ಬೇರೆ ಬೇರೆ, ನೆನಪಿರಲಿ.

ನೂರು ಫೈಲ್ ಇದ್ದರೆ ಬಾಣ ಒತ್ತುತ್ತಾ ಕೂರಬೇಡಿ. ಹೆಸರಿನ ಮೊದಲ ಎರಡು ಮೂರು ಅಕ್ಷರ ಬೇಗಬೇಗ ಟೈಪ್ ಮಾಡಿದರೆ ನೇರ ಅಲ್ಲಿಗೇ ಹೋಗುತ್ತದೆ. ಇದಕ್ಕೇ ಹೆಸರಿಡುವುದರಲ್ಲಿ ಜಾಣತನ ಬೇಕು. ವಾಟ್ಸ್‌ಆ್ಯಪ್‌ನಿಂದ ಬಂದ ಫೋಟೊಗಳ ಹೆಸರು ಬರೀ ತಾರೀಕು, ಅಂಕಿ. ಎಲ್ಲವೂ ಒಂದೇ ಥರ ಶುರುವಾದರೆ ಕಿವಿ ಏನು ಮಾಡಬೇಕು? ಎಫ್2 ಒತ್ತಿ ಹೆಸರು ಬದಲಿಸಿ. ಬೇರೆಯಾಗಿ ಕೇಳಿಸುವ ಪದ ಮೊದಲಿಗೇ ಇರಲಿ: ‘2024 ಕರೆಂಟ್ ಬಿಲ್’ಗಿಂತ ‘ಕರೆಂಟ್ ಬಿಲ್ 2024’ ಒಳ್ಳೆಯದು, ಅಲ್ವಾ?

ಹೊಸ ಫೋಲ್ಡರ್‌ಗೆ ಕಂಟ್ರೋಲ್, ಶಿಫ್ಟ್, ಎನ್. ಕಾಪಿ, ಕಟ್, ಪೇಸ್ಟ್‌ಗೆ ಕಂಟ್ರೋಲ್ ಜೊತೆ ಎಂದಿನ ಸಿ, ಎಕ್ಸ್, ವಿ. ಡಿಲೀಟ್ ಒತ್ತುವ ಮುಂಚೆ ಮಾತ್ರ ಮತ್ತೊಮ್ಮೆ ಇನ್ಸರ್ಟ್, ಟ್ಯಾಬ್ ಒತ್ತಿ ಕೇಳಿಸಿಕೊಳ್ಳಿ.

ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳಿಗೆ ಎರಡು ಕೆಲಸ ಜಾಸ್ತಿ. ಇನ್ಸರ್ಟ್, ಕಂಟ್ರೋಲ್, ವಿ ಒತ್ತಿ ಕನ್ನಡದ ಧ್ವನಿ ಆರಿಸಿ. ಎನ್‌ವಿಡಿಎ ಜೊತೆಗೇ ಬರುವ, ಬರಹವನ್ನು ಮಾತಾಗಿಸುವ ಇಸ್ಪೀಕ್‌ನಲ್ಲಿ ಅದಿದೆ, ದನಿ ಸ್ವಲ್ಪ ಯಂತ್ರದಂತೆ ಅಷ್ಟೆ. ಮೊದಲ ಅಕ್ಷರದಿಂದ ಹುಡುಕುವಾಗ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಕೀಬೋರ್ಡ್ ಕನ್ನಡಕ್ಕೆ ಬದಲಿಸಿಕೊಳ್ಳಿ.