ಹಂಡೆ ಒಲೆಗೆ ಹೊಗೆಯ ದಾರಿ

ಕಾರ್ತಿಕದ ಚಳಿ ಶುರುವಾದರೆ ನಮ್ಮ ಅವ್ವನ ಕಣ್ಣು ಕೆಂಪಾಗುತ್ತಿತ್ತು. ಕುಣಿಗಲ್ ತಾಲ್ಲೂಕಿನ ನಮ್ಮೂರಲ್ಲಿ, ಮನೆ ಹಿಂದಿನ ಹೆಂಚಿನ ಬಚ್ಚಲು ಮನೆಯಲ್ಲಿ, ತಾತನ ಕಾಲದ ತಾಮ್ರದ ಹಂಡೆ ಇದೆ. 60 ಲೀಟರ್ ನೀರು ಹಿಡಿಯುತ್ತದೆ. ಬೆಳಿಗ್ಗೆ ಐದಕ್ಕೆ ಅವ್ವ ಒಲೆ ಹಚ್ಚುತ್ತಿದ್ದಳು. ಊದುಗೊಳವೆ ಹಿಡಿದು ಬಗ್ಗಿ ಊದಿದರೆ ಹೊಗೆಯೆಲ್ಲಾ ಮುಖಕ್ಕೆ. ಹೆಂಚಿನ ಸಂದಿಯಲ್ಲಿ ಒಂದಷ್ಟು ಹೋಗುತ್ತಿತ್ತು, ಮಿಕ್ಕಿದ್ದು ಒಳಗೇ ಸುತ್ತುತ್ತಿತ್ತು. ಗೋಡೆ, ತೊಲೆ, ರೀಪರು ಎಲ್ಲಾ ಕರಿ ಮಸಿ. ಸ್ನಾನಕ್ಕೆ ಹೋದವರು ಕೆಮ್ಮುತ್ತಲೇ ಹೊರಗೆ ಬರುತ್ತಿದ್ದೆವು.

ಗೀಸರ್ ಹಾಕಿಸಿ ಅಂತ ಎಲ್ಲರೂ ಹೇಳಿದರು. ಹಾಕಿಸಿದ್ದೂ ಆಯಿತು. ನಮ್ಮ ಬೋರ್‌ವೆಲ್ ನೀರು ಗಡಸು. ಎರಡು ವರ್ಷಕ್ಕೆ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟಿಕೊಂಡು ಸುಟ್ಟುಹೋಯಿತು. ಅತ್ತ ತೋಟದಲ್ಲಿ ಕರಟ, ಕಾಯಿ ಮಟ್ಟೆ, ಒಣಗಿದ ಗರಿ ರಾಶಿ ಬಿದ್ದಿರುತ್ತದೆ. ಅವ್ವನಿಗೂ ಹಂಡೆ ನೀರೇ ಬೇಕು. ಹಾಗಾಗಿ ಒಲೆ ಬಿಡುವ ಬದಲು ಒಲೆಯನ್ನೇ ಸರಿಮಾಡೋಣ ಅಂತ ನಾಲ್ಕು ವರ್ಷದ ಹಿಂದೆ ಕೈ ಹಾಕಿದೆ.

ನಮ್ಮ ತಾಲ್ಲೂಕಿಗೂ ಒಲೆಗೂ ಹಳೆಯ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅನ್ನುವ ವಿಭಾಗ ಶುರು ಮಾಡಿದರು. ಹಳ್ಳಿ ಜನರಿಗೆ ಬೇಕಾದ್ದನ್ನು ಕಂಡುಹಿಡಿಯುವುದೇ ಅದರ ಕೆಲಸ. ಅವರ ವಿಸ್ತರಣಾ ಕೇಂದ್ರ ಇದ್ದದ್ದು ಇಲ್ಲೇ, ಉಂಗ್ರದಲ್ಲಿ. ಮೂರು ಪಾತ್ರೆ ಕೂರುವ ಅಸ್ತ್ರ ಒಲೆ ಬಂದದ್ದು ಅವರಿಂದಲೇ. ಅದು ಅಡುಗೆ ಒಲೆ. ಆದರೆ ಅದರ ಮರ್ಮ ಹಂಡೆ ಒಲೆಗೂ ಹೊಂದುತ್ತದೆ. ಬೆಂಕಿ ಮುಚ್ಚಿದ ಗೂಡಿನಲ್ಲಿ ಉರಿಯಬೇಕು. ಸೌದೆ ಕಂಬಿಗಳ ಮೇಲಿರಬೇಕು, ಗಾಳಿ ಕೆಳಗಿಂದ ಬರಬೇಕು. ಬಿಸಿ ಹೊಗೆ ಪಾತ್ರೆಗೆ ತಾಕಿಕೊಂಡೇ ಸಾಗಿ ಆಮೇಲೆ ಚಿಮಣಿ ಹತ್ತಬೇಕು. ನಮ್ಮ ಹಳೇ ಒಲೆಯಲ್ಲಿ ಇದ್ಯಾವುದೂ ಇರಲಿಲ್ಲ. ಮೂರು ಕಲ್ಲು, ಮೇಲೆ ಹಂಡೆ, ಅಷ್ಟೇ.

ಮೊದಲು ತೀರ್ಮಾನ ಮಾಡಿದ್ದು ಒಲೆಯ ಬಾಯಿ ಎಲ್ಲಿರಬೇಕು ಅಂತ. ಹಂಡೆ ಒಳಗೆ ಮೂಲೆಯಲ್ಲಿದೆ. ಹಿತ್ತಲ ಕಡೆಯ ಗೋಡೆ ಒಡೆದು ಬಾಯಿಯನ್ನು ಹೊರಗಡೆಗೆ ಮಾಡಿದೆವು. ಪಕ್ಕದ ಗೋಡೆಯಲ್ಲಿ ಹೊಗೆಯ ತೂತು. ಬೆಂಕಿ ಹಾಕುವುದು ಹೊರಗೆ, ನೀರು ಮೊಗೆಯುವುದು ಒಳಗೆ. ಇದು ಬರೀ ಹೊಗೆಯ ಪ್ರಶ್ನೆ ಅಲ್ಲ. ಕೆಂಡ ಇರುವ ಕೋಣೆಯ ಬಾಗಿಲು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಏಳಲು ಕೈಕಾಲು ಬರುವುದಿಲ್ಲ. ಚಳಿಗೆ ಅಂತ ಬಾಣಲೆಯಲ್ಲಿ ಕೆಂಡ ತುಂಬಿ ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗುವವರು ದಯವಿಟ್ಟು ಇದನ್ನು ಗಮನಿಸಿ. ಹೊಗೆ ಇಲ್ಲ ಅಂದ ಮಾತ್ರಕ್ಕೆ ಕೆಂಡ ನಿರಪಾಯ ಅಲ್ಲ. ಬಾಯಿ ಹೊರಗಿದ್ದರೂ ನಮ್ಮ ಬಚ್ಚಲಿನ ಮೇಲುಗಡೆ ಒಂದು ಕಿಂಡಿ ಯಾವಾಗಲೂ ತೆರೆದೇ ಇರುತ್ತದೆ.

ಗೂಡು ಕಟ್ಟಿದ್ದು ಸುಟ್ಟ ಇಟ್ಟಿಗೆಯಲ್ಲಿ. ಒಳಗಡೆಗೆ ಸಿಮೆಂಟ್ ಬೇಡ ಅಂದೆ. ಬೆಂಕಿಯ ಶಾಖಕ್ಕೆ ಸಿಮೆಂಟ್ ಗಾರೆ ಬಿರುಕು ಬಿಟ್ಟು ಉದುರುತ್ತದೆ. ಕೆರೆಯ ಜೇಡಿಮಣ್ಣು, ಮರಳು, ಭತ್ತದ ಹೊಟ್ಟು, ಸಗಣಿ ಸೇರಿಸಿ ಎರಡು ದಿನ ಕೊಳೆಹಾಕಿ ತುಳಿದು ಮೆತ್ತಿದೆವು. ಆಗಾಗ ಸಣ್ಣ ಬಿರುಕು ಬರುತ್ತದೆ. ಅದೇ ಮಣ್ಣು ಒಂದು ಮುಷ್ಟಿ ತಂದು ಒದ್ದೆ ಕೈಯಲ್ಲಿ ಸವರಿದರೆ ಮುಗಿಯಿತು. ಕಂಬಿಗಳನ್ನು ವೆಲ್ಡ್ ಮಾಡಿಸಲಿಲ್ಲ. ಗೂಡಿನ ಎರಡೂ ಪಕ್ಕ ಹಳ್ಳ ಬಿಟ್ಟು, 12 ಎಂಎಂ ಕಂಬಿಗಳನ್ನು ಬೆರಳು ದಪ್ಪ ಸಂದಿ ಬಿಟ್ಟು ಸುಮ್ನೆ ಜೋಡಿಸಿದ್ದೇವೆ. ಶಾಖಕ್ಕೆ ಕಂಬಿ ಬಾಗುತ್ತದೆ. ಬಾಗಿದ್ದನ್ನು ಮಾತ್ರ ಎಳೆದು ಬೇರೆ ಹಾಕಬಹುದು. ಹಂಡೆಯ ಕತ್ತಿನ ಸುತ್ತಲೂ ಮಣ್ಣಿನಿಂದಲೇ ಮುಚ್ಚಿದ್ದು. ವರ್ಷಕ್ಕೊಂದು ಸಲ ಹಂಡೆ ಎತ್ತಿ ತಳದ ಮಸಿ ಕೆರೆಯಬೇಕಲ್ವಾ? ಸಿಮೆಂಟ್ ಹಾಕಿದ್ದರೆ ಒಲೆಯನ್ನೇ ಒಡೆಯಬೇಕಾಗುತ್ತಿತ್ತು.

ಹಂಡೆಗೂ ಗೂಡಿನ ಗೋಡೆಗೂ ನಡುವೆ ಎಷ್ಟು ಜಾಗ ಬಿಡಬೇಕು ಅನ್ನುವಲ್ಲಿ ಮೊದಲ ತಪ್ಪಾಯಿತು. ಮೇಸ್ತ್ರಿ ಹೇಳಿದರು, "ಹೊಗೆ ಹೋಗಕ್ಕೆ ಧಾರಾಳವಾಗಿ ಜಾಗ ಬಿಡೋಣ ಅಣ್ಣ, ಆರಾಮಾಗಿ ಹೋಗ್ತದೆ." ನನಗೂ ಸರಿ ಅನ್ನಿಸಿತು. ನಾಲ್ಕು ಬೆರಳು ಬಿಟ್ಟೆವು. ಹೊಗೆಯ ತೂತನ್ನೂ ಬೆಂಕಿಯ ಮಟ್ಟದಲ್ಲೇ ಇಟ್ಟೆವು. ಹಚ್ಚಿದ ಮೊದಲ ದಿನ ಉರಿ ಭೋರ್ ಅಂತ ಎದ್ದಿತು. ಎಲ್ಲರಿಗೂ ಖುಷಿ. ಅರ್ಧ ಗಂಟೆ ಆದರೂ ನೀರು ಉಗುರುಬೆಚ್ಚಗೆ. ಹೊರಗೆ ಹೋಗಿ ನೋಡಿದರೆ ಚಿಮಣಿಯ ಬುಡ ಮುಟ್ಟಲಾಗದಷ್ಟು ಕಾದಿದೆ. ಉರಿ ಹಂಡೆಯನ್ನು ಮುಟ್ಟದೆ ನೇರವಾಗಿ ತೂತಿನ ಕಡೆಗೇ ವಾಲಿಕೊಂಡು ಓಡುತ್ತಿತ್ತು. ಸೌದೆ ಸುಟ್ಟು ಬೀದಿ ಕಾಯಿಸಿದ ಹಾಗೆ ಆಯಿತು.

ಮಾರನೇ ವಾರ ಬಿಚ್ಚಿ ಮತ್ತೆ ಮಾಡಿದೆವು. ಸಂದಿ ಎರಡು ಬೆರಳಿಗೆ ಇಳಿಸಿದೆವು. ತೂತನ್ನು ಮೇಲಕ್ಕೆ, ಹಂಡೆಯ ಹೊಟ್ಟೆ ದಾಟಿದ ಮೇಲೆ ಇಟ್ಟೆವು. ತೂತಿನ ಮುಂದೆ ಒಂದು ಇಟ್ಟಿಗೆ ಅಡ್ಡ ನಿಲ್ಲಿಸಿದೆವು. ಈಗ ಉರಿ ಹಂಡೆಯನ್ನು ಸುತ್ತಿಕೊಂಡು ಮೇಲೆ ಹೋಗಿ ಆಮೇಲೆ ತೂತು ಸೇರುತ್ತದೆ. ಸೌದೆಯನ್ನು ತೂಕ ಹಾಕಿ ನೋಡಿದೆ. ಅದೇ 60 ಲೀಟರ್ ಚೆನ್ನಾಗಿ ಕಾಯಲು ಹಳೇ ಒಲೆಗೆ 6ರಿಂದ 7 ಕೆಜಿ ಬೇಕಿತ್ತು. ಈಗ 3 ಕೆಜಿ ಒಣ ಸೌದೆ ಸಾಕು.

ಚಿಮಣಿಗೆ ಹಳೇ ಸಿಮೆಂಟ್ ಶೀಟಿನ ಥರದ ಕೊಳವೆ ಅಗ್ಗಕ್ಕೆ ಇದೆ ಅಂತ ಮೇಸ್ತ್ರಿ ತಂದಿದ್ದರು. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬೇಡ ಅಂತ ವಾಪಸ್ ಕಳಿಸಿದೆ. ಕೆಳಗಿನ ಮೂರು ಅಡಿಗೆ ದಪ್ಪ ಕಬ್ಬಿಣದ ಕೊಳವೆ, ಅದರ ಮೇಲೆ 5 ಇಂಚಿನ ಜಿಐ ಕೊಳವೆ ಹಾಕಿಸಿದೆ. ಸತುವಿನ ಲೇಪ ಇರುವ ಕೊಳವೆಯನ್ನು ಬೆಂಕಿಯ ಪಕ್ಕದಲ್ಲೇ ಇಡಬಾರದು, ಜಾಸ್ತಿ ಕಾದರೆ ಕೆಟ್ಟ ಹೊಗೆ ಬಿಡುತ್ತದೆ. ಸೂರಿನ ಮರದಿಂದ ಕೊಳವೆ ಒಂದೂವರೆ ಅಡಿ ದೂರ ಇರುವ ಹಾಗೆ ಬ್ರಾಕೆಟ್ ಕೊಟ್ಟು ನಿಲ್ಲಿಸಿದೆವು.

ಎರಡನೇ ತಪ್ಪು ಎತ್ತರದ್ದು. ಬಚ್ಚಲಿನ ಹೆಂಚಿಗಿಂತ ಎರಡು ಅಡಿ ಮೇಲೆ ಬಂದರೆ ಸಾಕು ಅಂದುಕೊಂಡೆವು. ಗಾಳಿ ಇಲ್ಲದ ದಿನ ಚೆನ್ನಾಗಿತ್ತು. ಮೂಡಣ ಗಾಳಿ ಬೀಸಿದ ದಿನ ಒಲೆಯ ಬಾಯಿಂದ ಹೊಗೆ ಉಗುಳಲು ಶುರು. ಕಾರಣ ನಮ್ಮ ದೊಡ್ಡ ಮನೆಯ ತಾರಸಿ. ಅದು ಬಚ್ಚಲಿನಿಂದ ಎಂಟೇ ಅಡಿ ದೂರ, ಎತ್ತರವೂ ಜಾಸ್ತಿ. ಗಾಳಿ ತಾರಸಿ ಹತ್ತಿ ಈಚೆ ಕಡೆ ಧುಮುಕುವಾಗ ಚಿಮಣಿಯ ಬಾಯನ್ನೇ ಒತ್ತುತ್ತದೆ. ಹತ್ತು ಅಡಿ ದೂರದೊಳಗೆ ಏನೇ ಇದ್ದರೂ ಅದಕ್ಕಿಂತ ಎರಡು ಅಡಿ ಮೇಲಿರಬೇಕು ಚಿಮಣಿ. ಇನ್ನೂ ಏಳು ಅಡಿ ಕೊಳವೆ ಸೇರಿಸಿ, ಮೂರು ಕಡೆ ತಂತಿ ಎಳೆದು ಕಟ್ಟಿದೆವು. ಮೇಲೆ ಮಳೆ ನೀರು ಬೀಳದ ಹಾಗೆ ಟೋಪಿ. ಅಂದಿನಿಂದ ಅವ್ವ ಊದುಗೊಳವೆ ಮುಟ್ಟಿಲ್ಲ.

ಹಚ್ಚುವುದಕ್ಕೂ ಒಂದು ಕ್ರಮ ಇದೆ. ಚಳಿಗಾಲದ ಬೆಳಿಗ್ಗೆ ಕೊಳವೆಯೊಳಗೆ ತಣ್ಣನೆ ಗಾಳಿ ಭಾರವಾಗಿ ಕೂತಿರುತ್ತದೆ. ಅದು ಹೊಗೆಯನ್ನು ಮೇಲೆ ಬಿಡುವುದಿಲ್ಲ. ಚಿಮಣಿಯ ಬುಡದಲ್ಲಿ ಒಂದು ಇಟ್ಟಿಗೆಯನ್ನು ಬಿಡಿಯಾಗಿ ಇಟ್ಟಿದ್ದೇವೆ. ಅದನ್ನು ತೆಗೆದು, ಒಣ ತೆಂಗಿನ ಗರಿ ಹಚ್ಚಿ ಅಲ್ಲಿ ಹಿಡಿಯುತ್ತೇವೆ. ಅರ್ಧ ನಿಮಿಷಕ್ಕೆ ಉರಿ ತಾನಾಗಿ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತ ಕೈಗೇ ಗೊತ್ತಾಗುತ್ತದೆ. ಆಗ ಇಟ್ಟಿಗೆ ಮುಚ್ಚಿ ಒಲೆ ಹಚ್ಚಬೇಕು. ಹಂಡೆಯಲ್ಲಿ ನೀರು ಇದೆಯಾ ಅಂತ ಮೊದಲು ನೋಡಿ, ಆಮೇಲೆ ಬೆಂಕಿ. ಸಣ್ಣ ಪುಳ್ಳೆ, ಎರಡು ಕರಟ, ಆಮೇಲೆ ಬೆರಳು ದಪ್ಪದ ಸೌದೆ, ಕೊನೆಗೆ ದಪ್ಪದ್ದು. ಗೂಡು ತುಂಬಾ ತುರುಕಬಾರದು. ಗಾಳಿ ಆಡದಿದ್ದರೆ ಉರಿ ಸತ್ತು ಹೊಗೆ ಏಳುತ್ತದೆ.

ಇಷ್ಟೆಲ್ಲಾ ಮಾಡಿದರೂ ಸೌದೆ ಹಸಿಯಾಗಿದ್ದರೆ ಒಲೆ ಏನೂ ಮಾಡಲಾರದು. ಇದನ್ನು ನಾನು ಎಷ್ಟು ಹೇಳಿದರೂ ಕಡಿಮೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ. ಆ ನೀರು ಆವಿಯಾಗುವ ತನಕ ನಿಮ್ಮ ಹಂಡೆಗೆ ಶಾಖ ಸಿಗುವುದಿಲ್ಲ. ನಾವು ಶಿವರಾತ್ರಿಯ ಹೊತ್ತಿಗೆ ಸೌದೆ ಸೀಳಿ ಪೇರಿಸುತ್ತೇವೆ. ಬೇಸಿಗೆ ಪೂರ್ತಿ ಒಣಗಬೇಕು. ಕೆಳಗೆ ಎರಡು ಕಲ್ಲುಚಪ್ಪಡಿ, ಮೇಲೆ ಮಾತ್ರ ತಗಡು, ಪಕ್ಕಗಳು ಬಯಲು. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿದರೆ ಬೂಷ್ಟು ಹಿಡಿಯುತ್ತದೆ. ಒಣಗಿದೆಯಾ ಅಂತ ನೋಡಲು ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಟಣ್ ಅಂದರೆ ಒಣಗಿದೆ, ದಪ್ ಅಂದರೆ ಇಲ್ಲ. ತುದಿಯಲ್ಲಿ ಸೂರ್ಯನ ಕಿರಣದ ಹಾಗೆ ಬಿರುಕು ಕಾಣಬೇಕು. ಜಾಲಿ, ಹುಣಸೆ ಕೆಂಡ ಚೆನ್ನಾಗಿ ನಿಲ್ಲುತ್ತದೆ. ನೀಲಗಿರಿ ಬೇಗ ಹತ್ತಿಕೊಳ್ಳುತ್ತದೆ. ಪೇಂಟ್ ಹೊಡೆದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಒಲೆಗೆ ಹಾಕಲೇಬೇಡಿ. ಸೌದೆ ರಾಶಿಗೆ ಸುಮ್ನೆ ಕೈ ಹಾಕಬೇಡಿ, ಮೊದಲು ಕೋಲಿನಿಂದ ತಟ್ಟಿ. ಚೇಳು, ಮಂಡಲದ ಹಾವು ಅಲ್ಲಿರುವುದು ನಮ್ಮ ಕಡೆ ಮಾಮೂಲು.

ಮೊದಲ ಮಳೆಗಾಲದಲ್ಲಿ ನಾವು ಈ ಮಾತು ಮರೆತೆವು. ಒಣ ಸೌದೆ ಮುಗಿದಿತ್ತು. ಮಳೆಯಲ್ಲಿ ನೆನೆದ ಕಾಯಿ ಮಟ್ಟೆ ಹಾಕಿ ಹಾಕಿ ದಿನಾ ಕಾಯಿಸಿದೆವು. ಮಟ್ಟೆ ಉರಿಯಲಿಲ್ಲ, ಬರೀ ಹೊಗೆಯಾಡಿತು. ಎರಡು ವಾರಕ್ಕೆ ಕೊಳವೆಯ ಜೋಡಣೆಯಿಂದ ಕಪ್ಪು ಡಾಂಬರಿನಂಥ ರಸ ಸೋರಿ ಬಿಳಿ ಗೋಡೆ ಮೇಲೆ ಉದ್ದಕ್ಕೆ ಗೆರೆ ಎಳೆಯಿತು. ಮೂಗಿಗೆ ಅಡರುವ ವಾಸನೆ. ಹಸಿ ಸೌದೆಯ ಹೊಗೆ ತಣ್ಣನೆ ಕೊಳವೆಗೆ ತಾಕಿದರೆ ಹೀಗೆ ರಸವಾಗಿ ಕೂರುತ್ತದೆ. ಒಣಗಿದರೆ ಅದೇ ಬೆಂಕಿಗೆ ಎಣ್ಣೆ. ಒಂದು ದಿನ ಒಣ ಗರಿ ಜಾಸ್ತಿ ಹಾಕಿದಾಗ ಕೊಳವೆಯೊಳಗೇ ಹತ್ತಿಕೊಂಡಿತು. ಲಾರಿ ಬಂದ ಹಾಗೆ ಸದ್ದು, ಟೋಪಿಯ ಕೆಳಗಿಂದ ಕಿಡಿ. ನೀರು ಎರಚಲು ಹೋದವರನ್ನು ತಡೆದೆ. ಒಲೆಯ ಬಾಯಿಗೆ, ಬೂದಿ ಕಿಂಡಿಗೆ ಇಟ್ಟಿಗೆ ಇಟ್ಟು, ಒದ್ದೆ ಗೋಣಿಚೀಲ ಮೆತ್ತಿ ಗಾಳಿ ನಿಲ್ಲಿಸಿದೆ. ಹತ್ತು ನಿಮಿಷದಲ್ಲಿ ಆರಿತು. ಅವತ್ತು ಕೈ ನಡುಗುತ್ತಿತ್ತು.

ಆಮೇಲೆ ಕೊಳವೆ ಬಿಚ್ಚಿ ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಕೆಳಗಿನ ಕೊಳವೆಯ ಮೇಲೆ ಮೇಲಿನದನ್ನು ಟೋಪಿಯ ಹಾಗೆ ತೊಡಿಸಿದ್ದರು. ಹಾಗೆ ಮಾಡಿದರೆ ರಸ ಹೊರಗೆ ಸೋರುತ್ತದೆ. ಮೇಲಿನ ಕೊಳವೆಯ ತುದಿ ಕೆಳಗಿನದರ ಒಳಗೆ ಕೂರಬೇಕು. ಆಗ ಇಳಿದದ್ದು ಒಳಗೇ ಇಳಿದು ಬೆಂಕಿಗೆ ಬೀಳುತ್ತದೆ. ತಿರುಗಿಸಿ ಜೋಡಿಸಿದೆವು. ಮಟ್ಟೆಯನ್ನು ಈಗ ಪೂರ್ತಿ ಒಣಗಿಸಿ, ಉರಿ ಚೆನ್ನಾಗಿ ಹಿಡಿದ ಮೇಲೆ ಒಂದೊಂದೇ ಹಾಕುತ್ತೇವೆ.

ಕೊಳವೆ ಗುಡಿಸುವುದು ವರ್ಷಕ್ಕೆ ಎರಡು ಸಲ, ದಸರಾ ಮುಗಿದ ಮೇಲೆ ಒಮ್ಮೆ, ಯುಗಾದಿಗೆ ಮುಂಚೆ ಒಮ್ಮೆ. ಒಲೆ ಆರಿ ಪೂರ್ತಿ ತಣ್ಣಗಾಗಿರಬೇಕು. ಹಗ್ಗದ ನಡುವೆ ತಂತಿ ಬ್ರಷ್ ಕಟ್ಟಿ, ಕೆಳಗೆ ಕಲ್ಲು ತೂಗಿಬಿಟ್ಟು, ತಾರಸಿಯಿಂದ ಮೇಲೆ ಕೆಳಗೆ ಎಳೆಯುತ್ತೇನೆ. ಮೂಗು ಬಾಯಿಗೆ ಟವಲ್ ಕಟ್ಟಿಕೊಂಡೇ ಮಾಡುವುದು. ಒಣ ಸೌದೆ ಉರಿಸಿದ ವರ್ಷ ಬೀಳುವುದು ಬೂದುಬಣ್ಣದ ಪುಡಿ, ಅರ್ಧ ಬೋಗುಣಿ. ಕಪ್ಪಗೆ ಹೊಳೆಯುವ ಚಕ್ಕೆ ಬಿದ್ದರೆ ನಮ್ಮ ಸೌದೆ ಸರಿಯಿಲ್ಲ ಅಂತ ಅರ್ಥ.

ಬೂದಿ ಎರಡು ದಿನಕ್ಕೊಮ್ಮೆ ತೆಗೆಯುತ್ತೇವೆ. ಕಬ್ಬಿಣದ ಡಬ್ಬಕ್ಕೆ ಹಾಕಿ ಮುಚ್ಚಿಟ್ಟು ಇನ್ನೂ ಎರಡು ದಿನ ಬಿಡುತ್ತೇವೆ. ಬೂದಿಯೊಳಗಿನ ಕೆಂಡ ಮಾರನೇ ದಿನವೂ ಜೀವಂತ ಇರುತ್ತದೆ. ಒಮ್ಮೆ ಪ್ಲಾಸ್ಟಿಕ್ ಬಕೆಟ್ಟಿನ ತಳವೇ ಕರಗಿತ್ತು. ತಣ್ಣಗಾದ ಬೂದಿ ತೆಂಗಿನ ಬುಡಕ್ಕೆ ಹೋಗುತ್ತದೆ, ಅದರಲ್ಲಿ ಪೊಟ್ಯಾಶ್ ಇದೆ. ಯೂರಿಯಾ ಜೊತೆ ಬೆರೆಸಿ ಹಾಕಬೇಡಿ, ಸಾರಜನಕ ಗಾಳಿಗೆ ಹೋಗಿಬಿಡುತ್ತದೆ.

ಈ ವರ್ಷ ಎರಡು ಕಂಬಿ ಬಾಗಿವೆ, ಬೂದಿ ಕಿಂಡಿಯ ಪಕ್ಕದ ಇಟ್ಟಿಗೆ ಒಂದು ಸವೆದಿದೆ. ಕಂಬಿ ತಂದಿಟ್ಟಿದ್ದೇನೆ. ಭಾನುವಾರ ಮಣ್ಣು ಕಲಸಬೇಕು. ಹೊಟ್ಟು ಸ್ವಲ್ಪ ಜಾಸ್ತಿ ಹಾಕು ಅಂತ ಅವ್ವ ಆಗಲೇ ಎರಡು ಸಲ ಹೇಳಿದ್ದಾಳೆ.