ರೋಗವನ್ನೂ ರೊಕ್ಕವನ್ನೂ ಬಿಚ್ಚಿ ಮಾತಾಡುವ ನಮ್ಮ ಗುಂಪು

ವಯಸ್ಸಾದ ಗಂಡಸರು ಎರಡು ವಿಷಯ ಯಾರಿಗೂ ಹೇಳುವುದಿಲ್ಲ. ಒಂದು ಮೂತ್ರದ ತೊಂದರೆ, ಇನ್ನೊಂದು ಕಳೆದುಕೊಂಡ ದುಡ್ಡು. ಬಾಗಲಕೋಟೆಯ ನವನಗರದಲ್ಲಿ ನಮ್ಮ ವಯಸ್ಸಿನವರ ವಾಟ್ಸಾಪ್ ಗುಂಪು ನೋಡಿಕೊಳ್ಳುತ್ತಾ ನನಗೆ ಖಾತ್ರಿಯಾದ ಮಾತು ಇದು. ಎರಡಕ್ಕೂ ಕಾರಣ ನಾಚಿಕೆ. ಎರಡರಲ್ಲೂ ತಡ ಮಾಡಿದಷ್ಟು ನಷ್ಟ ಜಾಸ್ತಿ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತನಾದವನು. ಗುಂಪಿನಲ್ಲಿ ಶಾಲಾ ಮಾಸ್ತರರು ಇದ್ದಾರೆ, ಬಸ್ ಕಂಡಕ್ಟರ್ ಆಗಿದ್ದವರು ಇದ್ದಾರೆ, ಗುಳೇದಗುಡ್ಡದ ನೇಕಾರರು, ಬೀಳಗಿ ಕಡೆಯ ರೈತರು ಇದ್ದಾರೆ. ಸರ್ಕಾರಿ ದವಾಖಾನೆಯಲ್ಲಿ ಔಷಧಿ ಕೊಡುತ್ತಿದ್ದ ನಿವೃತ್ತ ಫಾರ್ಮಸಿಸ್ಟ್ ಒಬ್ಬರಿದ್ದಾರೆ. ಅವರಿಲ್ಲದೆ ಈ ಗುಂಪು ನಡೆಯುತ್ತಿರಲಿಲ್ಲ.

ಮೊದಲು ಇದು ಬೆಳಗಿನ ವಾಕಿಂಗ್ ಗೆಳೆಯರ ಗುಂಪು. ಎಲ್ಲ ಗುಂಪಿನ ಹಾಗೆ ದಿನವೂ ದೇವರ ಫೋಟೋ, ಶುಭೋದಯ, ಬೆಂಡೆಕಾಯಿ ನೆನೆಸಿದ ನೀರು ಕುಡಿದರೆ ಸಕ್ಕರೆ ಕಾಯಿಲೆ ಮಾಯ ಅನ್ನುವ ಸಂದೇಶ. ಅದನ್ನು ನಂಬಿ ಒಬ್ಬ ಹಿರಿಯರು ಗುಳಿಗೆ ಬಿಟ್ಟರು. ಸಕ್ಕರೆ ಏರಿ, ಕಾಲಿನ ಗಾಯ ಮಾಯದೆ ದವಾಖಾನೆ ಸೇರಿದರು. ಆಮೇಲೆ ಫಾರ್ಮಸಿಸ್ಟ್ ಮತ್ತು ನಾನು ಕೂತು ಒಂದು ನಿಯಮ ಮಾಡಿದೆವು. ಎಲ್ಲಿಂದಲೋ ಬಂದದ್ದನ್ನು ಇಲ್ಲಿ ಹಾಕಬಾರದು. ನಿಮಗೆ ಆಗಿದ್ದನ್ನು, ನೀವು ಕಂಡಿದ್ದನ್ನು ಮಾತ್ರ ಹೇಳಬೇಕು. ಏನು ತೊಂದರೆ ಇತ್ತು, ಡಾಕ್ಟರ್ ಏನು ಹೇಳಿದರು, ಎಷ್ಟು ಖರ್ಚಾಯಿತು, ಈಗ ಹೇಗಿದ್ದೀರಿ. ದುಡ್ಡಿನ ವಿಷಯವಾದರೆ ಎಲ್ಲಿ ಇಟ್ಟಿರಿ, ಎಷ್ಟು ಬಡ್ಡಿ ಅಂದರು, ಎಷ್ಟು ಕೈಗೆ ಬಂತು.

ಎರಡು ಬಾಣದ ಗುರುತಿನ ಜೊತೆ ಬಂದ ಸಂದೇಶ ಕಂಡರೆ ನಾನು ಯಾರದ್ದೇ ಆಗಿರಲಿ ಅಳಿಸುತ್ತೇನೆ. ಅದು ಐದೋ ಅದಕ್ಕಿಂತ ಹೆಚ್ಚೋ ಕೈ ದಾಟಿ ಬಂದದ್ದು ಅಂತ ವಾಟ್ಸಾಪ್ ತಾನೇ ಗುರುತು ಹಾಕಿರುತ್ತದೆ. ಕೆಲವರು ಸಿಟ್ಟಾಗಿ ಹೊರಗೆ ಹೋದರು. ಹೋದವರಲ್ಲಿ ಬಹಳ ಜನ ತಿರುಗಿ ಬಂದರು.

ಟೈಪ್ ಮಾಡಲು ಬಾರದವರು ಮಾತಾಡಿ ಕಳಿಸಲಿ ಅಂದೆವು. ಗುಂಪು ನಿಜವಾಗಿ ಜೀವ ಹಿಡಿದದ್ದು ಆಗಲೇ. ಬರೆಯುವಾಗ ಎರಡು ಪದದಲ್ಲಿ ಮುಗಿಸುವ ಮನುಷ್ಯ ಮಾತಾಡುವಾಗ ಎಲ್ಲವನ್ನೂ ಹೇಳುತ್ತಾನೆ.

ಅಂಥ ಒಂದು ದನಿಯೇ ನಮ್ಮೆಲ್ಲರ ಕಣ್ಣು ತೆರೆಸಿತು. ಒಬ್ಬ ನಿವೃತ್ತ ಮಾಸ್ತರರು, ಬಹಳ ಮಾನವಂತರು, ರಾತ್ರಿ ಹೊತ್ತು ಮಾತಾಡಿ ಕಳಿಸಿದ್ದರು. ನಿವೃತ್ತಿಯಾದಾಗ ಬಂದ ದುಡ್ಡಿನ ದೊಡ್ಡ ಭಾಗವನ್ನು ಒಂದು ಸೊಸೈಟಿಯಲ್ಲಿ ಇಟ್ಟಿದ್ದರು. ಬ್ಯಾಂಕಿಗಿಂತ ನಾಲ್ಕು ಪರ್ಸೆಂಟ್ ಜಾಸ್ತಿ ಬಡ್ಡಿ. ಅಧ್ಯಕ್ಷರು ಪರಿಚಯದವರು. ಮೊದಲು ಬಡ್ಡಿ ಸರಿಯಾಗಿ ಬಂತು. ಆಮೇಲೆ ಮುಂದಿನ ತಿಂಗಳು ಬನ್ನಿ ಅಂದರು. ಆಮೇಲೆ ಬಾಗಿಲಿಗೆ ಬೀಗ. ಅವರು ಇದನ್ನು ಹೆಂಡತಿಗೂ ಹೇಳಿರಲಿಲ್ಲ. "ನನ್ನಂಗ ಯಾರೂ ಮಾಡಬ್ಯಾಡ್ರೆಪಾ" ಅಂತ ಮುಗಿಸಿದ್ದರು. ಮರುದಿನ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಅದೇ ಸೊಸೈಟಿಯಲ್ಲಿ ನಮ್ಮವರೇ ಇನ್ನೂ ಕೆಲವರ ದುಡ್ಡಿತ್ತು. ಅಕ್ಕಪಕ್ಕದ ಮನೆಯವರು, ಒಬ್ಬರಿಗೊಬ್ಬರು ಗೊತ್ತಿರಲಿಲ್ಲ.

ನಮ್ಮ ಕಡೆ, ಬೆಳಗಾವಿಯಿಂದ ವಿಜಯಪುರದ ತನಕ, ಪತ್ತಿನ ಸೊಸೈಟಿ ಮತ್ತು ಸೌಹಾರ್ದ ಸಹಕಾರಿಗಳು ಓಣಿ ಓಣಿಯಲ್ಲಿವೆ. ಒಳ್ಳೆಯವು ಬೇಕಾದಷ್ಟಿವೆ, ಬಡವರಿಗೆ ಸಾಲ ಕೊಟ್ಟು ಕೈ ಹಿಡಿದಿವೆ. ಆದರೆ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬ್ಯಾಂಕ್ ಮುಳುಗಿದರೆ ಠೇವಣಿದಾರನಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಮೊದಲು 1 ಲಕ್ಷ ಇತ್ತು, 2020ರ ಫೆಬ್ರವರಿಯಲ್ಲಿ 5 ಲಕ್ಷ ಮಾಡಿದರು. ಈ ವಿಮೆ ಕೊಡುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿ. ಸಹಕಾರಿ ಬ್ಯಾಂಕಿಗೂ ಇದು ಸಿಗುತ್ತದೆ. ಆದರೆ ಪತ್ತಿನ ಸೊಸೈಟಿಗೂ ಸೌಹಾರ್ದಕ್ಕೂ ಸಿಗುವುದಿಲ್ಲ. ಬೋರ್ಡು, ಕೌಂಟರು, ಪಾಸ್‌ಬುಕ್ಕು ಎಲ್ಲ ಬ್ಯಾಂಕಿನ ಹಾಗೇ ಇರುತ್ತದೆ. ವಿಮೆ ಮಾತ್ರ ಇರುವುದಿಲ್ಲ.

ಈಗ ಯಾರಾದರೂ "ಹನ್ನೊಂದು ಪರ್ಸೆಂಟ್ ಕೊಡ್ತಾರ, ಇಡಲೇನ್ರಿ?" ಅಂತ ಕೇಳಿದರೆ ಇಡಿ, ಬಿಡಿ ಅಂತ ನಾನು ಹೇಳುವುದಿಲ್ಲ. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆಯಾ, ಡಿಐಸಿಜಿಸಿ ಪಟ್ಟಿಯಲ್ಲಿ ಹೆಸರಿದೆಯಾ ಅಂತ ಅಲ್ಲೇ ಹೋಗಿ ಕೇಳಿ ಬಂದು, ಅವರು ಕೊಟ್ಟ ಉತ್ತರವನ್ನು ಗುಂಪಿನಲ್ಲಿ ಹೇಳಿ ಅನ್ನುತ್ತೇನೆ. ಕೇಳಲು ಹೋದವರಿಗೆ ಅಲ್ಲೇ ಅರ್ಥವಾಗುತ್ತದೆ.

ಹಾಗಾದರೆ ಎಲ್ಲಿ ಇಡಬೇಕು ಅಂತ ಕೇಳುತ್ತಾರೆ. ನಾನು ಕೌಂಟರಿನಲ್ಲಿ ಸಾವಿರಾರು ಜನರಿಗೆ ಬರೆದುಕೊಟ್ಟ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನೇ ಮೊದಲು ಹೇಳುತ್ತೇನೆ. 60 ತುಂಬಿದವರು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಖಾತೆ ತೆರೆಯಬಹುದು. 2023ರ ಏಪ್ರಿಲ್‌ನಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು, ಅದಕ್ಕೆ ಮೊದಲು 15 ಲಕ್ಷವೇ ಮಿತಿಯಾಗಿತ್ತು. ಆಗ ಬಡ್ಡಿಯೂ 8.2 ಪರ್ಸೆಂಟ್ ಆಯಿತು. ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತದೆ. ಸರ್ಕಾರ ಆಮೇಲೆ ದರ ಬದಲಿಸಿದರೂ ನೀವು ತೆರೆದ ದಿನದ ದರವೇ ಐದು ವರ್ಷ ನಡೆಯುತ್ತದೆ. ಮಧ್ಯದಲ್ಲಿ ತೆಗೆದರೆ ಕಡಿತ ಇದೆ. ಒಂದು ವರ್ಷದ ಒಳಗೆ ಮುಚ್ಚಿದರೆ ಕೊಟ್ಟ ಬಡ್ಡಿಯನ್ನೂ ವಾಪಸ್ ಹಿಡಿಯುತ್ತಾರೆ. ಅದಕ್ಕೇ ದವಾಖಾನೆ ಖರ್ಚಿಗೆ ಬೇಕಾಗುವಷ್ಟನ್ನು ಉಳಿತಾಯ ಖಾತೆಯಲ್ಲಿ ಬೇರೆ ಇಟ್ಟುಕೊಳ್ಳಿ ಅನ್ನುತ್ತೇನೆ.

ಬಾಗಲಕೋಟೆಯವರಿಗೆ ಇನ್ನೊಂದು ಚಿಂತೆ, ಪರಿಹಾರದ ರೊಕ್ಕ. ನವನಗರ ಹುಟ್ಟಿದ್ದೇ ಆಲಮಟ್ಟಿ ಹಿನ್ನೀರಿನಿಂದ. ಮುಳುಗಡೆಯ ದುಡ್ಡು ಕೈಗೆ ಬಂದು, ಲಗ್ನ, ಗಾಡಿ, ಕೈಸಾಲ ಅಂತ ಎರಡು ವರ್ಷದಲ್ಲಿ ಕರಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಈಗ ಅಣೆಕಟ್ಟೆಯನ್ನು 519.6 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವ, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ ಮುಂದಿದೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಅಂತ ತೀರ್ಮಾನ ಮಾಡಿತು. ದುಡ್ಡು ಬರುವ ಮೊದಲೇ ದುಪ್ಪಟ್ಟು ಮಾಡಿಕೊಡುವವರು ಬಾಗಿಲಿಗೆ ಬರುತ್ತಾರೆ. ಬೀಳಗಿ ಕಡೆಯ ಒಬ್ಬ ಗೌಡರು, ಹಿಂದಿನ ಸಲ ಪರಿಹಾರ ಪಡೆದವರು, ಗುಂಪಿನಲ್ಲಿ ಹೇಳಿದ ಮಾತು ನನಗೆ ಬಹಳ ಹಿಡಿಸಿತು. "ರೊಕ್ಕ ಬಂದ ಮ್ಯಾಲೆ ಆರು ತಿಂಗಳು ಏನೂ ಮಾಡಬ್ಯಾಡ್ರಿ. ಬ್ಯಾಂಕಿನ್ಯಾಗ ಬಿದ್ದಿರಲಿ. ಅಷ್ಟರಾಗ ನಿಮ್ಮನ್ನ ಹುಡುಕ್ಕೊಂಡು ಬರೋರೆಲ್ಲ ಬಂದು ಹೋಗ್ತಾರ." ಅವರ ಮಾತಿಗೆ ನಾನು ಎರಡು ಸೇರಿಸಿದೆ. ಒಂದೇ ಬ್ಯಾಂಕಿನಲ್ಲಿ ಎಲ್ಲ ಇಡಬೇಡಿ, 5 ಲಕ್ಷದ ವಿಮೆಗೆ ಆ ಬ್ಯಾಂಕಿನ ಎಲ್ಲ ಶಾಖೆಗಳ ಠೇವಣಿ ಕೂಡಿಸಿ ಲೆಕ್ಕ ಹಿಡಿಯುತ್ತಾರೆ. ಇನ್ನೊಂದು, 2013ರ ಭೂಸ್ವಾಧೀನ ಕಾಯ್ದೆಯಡಿ ಬಂದ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಅದನ್ನಿಟ್ಟು ಬಂದ ಬಡ್ಡಿ ಮಾತ್ರ ಆದಾಯದ ಲೆಕ್ಕಕ್ಕೆ ಬರುತ್ತದೆ. ತೆರಿಗೆ ಉಳಿಸಿಕೊಡುತ್ತೇವೆ ಅಂತ ಕಮಿಷನ್ ಕೇಳುವವರಿಗೆ ಬಿಡಿಗಾಸೂ ಕೊಡಬೇಡಿ.

ದುಡ್ಡಿನ ಮಾತು ಶುರುವಾದ ಮೇಲೂ ಶರೀರದ ಮಾತು ಬರಲು ತಡವಾಯಿತು. ಬಿಪಿ, ಸಕ್ಕರೆ ಎಲ್ಲರೂ ಹೇಳುತ್ತಾರೆ. ಸೊಂಟದ ಕೆಳಗಿನದು ಹೇಳುವುದಿಲ್ಲ. ಒಬ್ಬರು ನನಗೆ ಮಾತ್ರ ಫೋನ್ ಮಾಡಿ "ರಾತ್ರಿ ನಾಲ್ಕೈದು ಸಲ ಏಳಬೇಕಾಗ್ತೈತ್ರಿ ಸರ, ಯಾರಿಗೂ ಹೇಳಬ್ಯಾಡ್ರಿ" ಅಂದರು. ಅವರ ಅನುಮತಿ ಕೇಳಿ, ಹೆಸರಿಲ್ಲದೆ ಆ ಪ್ರಶ್ನೆಯನ್ನು ಗುಂಪಿನಲ್ಲಿ ಹಾಕಿದೆ. ಅವತ್ತಿನಷ್ಟು ಉತ್ತರ ಬೇರೆ ಯಾವ ಪ್ರಶ್ನೆಗೂ ಬಂದಿಲ್ಲ. ನಮಗೂ ಹಾಗೇ, ನನಗೂ ಹಾಗೇ ಅಂತ. ಅಲ್ಲಿಂದ ಇದನ್ನೇ ಪದ್ಧತಿ ಮಾಡಿದೆವು. ಹೇಳಲು ಸಂಕೋಚವಾದರೆ ಫಾರ್ಮಸಿಸ್ಟರಿಗೋ ನನಗೋ ಹೇಳಿ, ನಾವು ಹೆಸರು ತೆಗೆದು ಕೇಳುತ್ತೇವೆ.

ಫಾರ್ಮಸಿಸ್ಟರು ತಾಳ್ಮೆಯಿಂದ ತಿಳಿಸಿದರು. ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿ ಒತ್ತುತ್ತದೆ. ಧಾರೆ ಸಣ್ಣಗಾಗುವುದು, ಮುಗಿದ ಮೇಲೂ ಇನ್ನೂ ಇದೆ ಅನ್ನಿಸುವುದು, ರಾತ್ರಿ ಪದೇಪದೇ ಏಳುವುದು ಇದರ ಗುರುತು. ಬಹಳ ಜನರಲ್ಲಿ ಇದು ಕ್ಯಾನ್ಸರ್ ಅಲ್ಲ, ಗುಳಿಗೆಯಲ್ಲೇ ಹತೋಟಿಗೆ ಬರುತ್ತದೆ. ಪಿಎಸ್‌ಎ ಅನ್ನುವ ರಕ್ತ ಪರೀಕ್ಷೆಯ ಅಂಕಿ ಜಾಸ್ತಿ ಬಂತು ಅಂತ ಎದೆ ಒಡೆದುಕೊಳ್ಳಬೇಡಿ, ಗ್ರಂಥಿ ದೊಡ್ಡದಾದರೂ ಸೋಂಕಾದರೂ ಅದು ಏರುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಒಂದು ದಿನವೂ ಕಾಯಬೇಡಿ.

ಅವರು ಹೇಳಿದ ಇನ್ನೊಂದು ಮಾತು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನೆಗಡಿಗೆ ಅಂಗಡಿಯಲ್ಲಿ ಸುಮ್ನೆ ಕೇಳಿ ತರುವ ಗುಳಿಗೆಗಳಲ್ಲಿ ಕೆಲವು, ಪ್ರಾಸ್ಟೇಟ್ ದೊಡ್ಡದಾದವರಿಗೆ ಮೂತ್ರವನ್ನೇ ಕಟ್ಟಿಸಿಬಿಡಬಹುದು. ಇದನ್ನು ಕೇಳಿಸಿಕೊಂಡಿದ್ದ ಒಬ್ಬರು, ಒಂದು ಚಳಿಗಾಲದಲ್ಲಿ ನೆಗಡಿ ಗುಳಿಗೆ ನುಂಗಿದ ಮೇಲೆ ಮೂತ್ರ ನಿಂತಾಗ, ಬೆಳಗಾಗಲಿ ಅಂತ ಕಾಯದೆ ರಾತ್ರಿಯೇ ದವಾಖಾನೆಗೆ ಹೋಗಿ ನಳಿಕೆ ಹಾಕಿಸಿಕೊಂಡರು. ಈಗ ಔಷಧಿ ಅಂಗಡಿಗೆ ಹೋದರೆ ಮೊದಲು "ನನಗ ಪ್ರಾಸ್ಟೇಟ್ ಐತಿ" ಅಂತ ಹೇಳಿಯೇ ಗುಳಿಗೆ ಕೇಳುತ್ತಾರಂತೆ.

ಜೋಳದ ರೊಟ್ಟಿಯ ಬಗ್ಗೆಯೂ ದೊಡ್ಡ ಚರ್ಚೆಯಾಯಿತು. ಸಕ್ಕರೆ ಕಾಯಿಲೆಗೆ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಅನ್ನುವುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಜೋಳದಲ್ಲೂ 100 ಗ್ರಾಮಿಗೆ ಸುಮಾರು 70 ಗ್ರಾಂ ಶರ್ಕರಪಿಷ್ಟವೇ ಇದೆ. ನಾರು ಇರುವುದರಿಂದ ಬಿಳಿ ಅನ್ನಕ್ಕಿಂತ ವಾಸಿ, ಆದರೆ ಲೆಕ್ಕ ಬೇಕು. ನಾಲ್ಕು ರೊಟ್ಟಿ ಉಣ್ಣುವವರು ಎರಡಕ್ಕೆ ಇಳಿಸಿ, ಪಲ್ಯ, ಕಾಳು ಜಾಸ್ತಿ ಮಾಡಿಕೊಂಡು, ಊಟವಾದ ಎರಡು ತಾಸಿಗೆ ಸಕ್ಕರೆ ನೋಡಿ ಹೇಳಿ ಅಂದೆವು. ತಮ್ಮ ಮೀಟರಿನಲ್ಲೇ ವ್ಯತ್ಯಾಸ ಕಂಡವರಿಗೆ ಬೇರೆ ಉಪದೇಶ ಬೇಕಾಗಲಿಲ್ಲ.

ಎದೆ ನೋವಿನ ವಿಷಯಕ್ಕೆ ಚರ್ಚೆಯೇ ಇಲ್ಲ. ಜೋರಾಗಿ ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ ಅನ್ನುವುದು ಸುಳ್ಳು. ಎದೆ ಒತ್ತಿ ಹಿಡಿದು, ಬೆವರು ಬಂದು, ನೋವು ಕೈಗೋ ದವಡೆಗೋ ಹರಿದರೆ 108ಕ್ಕೆ ಫೋನ್. ಗ್ಯಾಸ್ ಇರಬಹುದು ಅಂತ ಸೋಡಾ ಕುಡಿದು ಕೂತವರನ್ನು ನಾವು ಕಳೆದುಕೊಂಡಿದ್ದೇವೆ. ಬಾಯಿ ಸೊಟ್ಟಗಾಗಿ, ಒಂದು ಕೈ ಎತ್ತಲಾಗದೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೆಲಸ ಮಾಡುವುದು ಶುರುವಾದ ನಾಲ್ಕೂವರೆ ತಾಸಿನ ಒಳಗೆ.

ಗುಂಪಿನವರೆಲ್ಲ ಹತ್ತಿರದ ಸೆಕ್ಟರುಗಳಲ್ಲೇ ಇರುವುದು ಒಮ್ಮೆ ಬಹಳ ಉಪಯೋಗಕ್ಕೆ ಬಂತು. ನಮ್ಮಲ್ಲಿ ಒಬ್ಬರಿಗೆ ಪೊಲೀಸ್ ಡ್ರೆಸ್ ಹಾಕಿದವನು ವಿಡಿಯೋ ಕಾಲ್ ಮಾಡಿ, ನಿಮ್ಮ ಆಧಾರ್‌ನಿಂದ ಅಕ್ರಮ ಖಾತೆ ತೆರೆದಿದ್ದಾರೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕೋಣೆ ಬಿಟ್ಟು ಹೋಗುವಂತಿಲ್ಲ ಅಂದಿದ್ದ. ಅವರ ಮನೆಯವರು ಪಕ್ಕದ ಮನೆಯಿಂದ ನಮ್ಮ ಮನೆಗೆ ಫೋನ್ ಮಾಡಿದರು. ನಾನೂ ಕಂಡಕ್ಟರ್ ಅಣ್ಣನೂ ಓಡಿ ಹೋಗಿ ಅವರ ಕೈಯಿಂದ ಫೋನ್ ತೆಗೆದು ಆರಿಸಿದೆವು. ಅವರ ಕೈ ನಡುಗುತ್ತಿತ್ತು. ಎಫ್‌ಡಿ ಮುರಿಯಲು ಬ್ಯಾಂಕಿಗೆ ಹೊರಡುವವರಿದ್ದರು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಕಳ್ಳರು ಅದನ್ನು ಬೇರೆ ಖಾತೆಗೆ ದಾಟಿಸುವ ಮೊದಲು ತಡೆಹಿಡಿಯುವ ಅವಕಾಶ ಆ ಮೊದಲ ಗಂಟೆಗಳಲ್ಲೇ ಜಾಸ್ತಿ. ಷೇರು ಕಲಿಸುತ್ತೇವೆ ಅನ್ನುವ ಗುಂಪುಗಳಿಗೆ ನಮ್ಮನ್ನು ಕೇಳದೆ ಸೇರಿಸುವುದನ್ನು ತಡೆಯಲು, ಎಲ್ಲರ ಫೋನ್ ತೆಗೆದುಕೊಂಡು ವಾಟ್ಸಾಪ್ ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ, ಗ್ರೂಪ್ಸ್ ಅನ್ನುವ ಕಡೆ, ಪರಿಚಯದವರು ಮಾತ್ರ ಸೇರಿಸುವ ಹಾಗೆ ಮಾಡಿದೆವು.

ಗುಂಪಿನೊಳಗೆ ವಿಮೆ ಮಾರುವಂತಿಲ್ಲ, ಚೀಟಿ ನಡೆಸುವಂತಿಲ್ಲ, ಒಬ್ಬರಿಂದೊಬ್ಬರು ಸಾಲ ಕೇಳುವಂತಿಲ್ಲ. ಔಷಧಿ ಹೆಸರು ಹೇಳಿ ನೀವೂ ತಗೊಳ್ಳಿ ಅನ್ನುವಂತಿಲ್ಲ. ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ, ಎಷ್ಟೇ ಹಳೆಯ ಗೆಳೆಯರಾದರೂ.

ಈಗ ಹಿಡಿದಿರುವ ಕೆಲಸ ನಾಮಿನಿಯದು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಬಹಳ ಜನರ ಹಳೆಯ ಖಾತೆಯಲ್ಲಿ ತೀರಿಕೊಂಡ ತಂದೆಯ ಹೆಸರೇ ಇದೆ. ನಾಮಿನಿಯಾದ ಮಾತ್ರಕ್ಕೆ ಆ ದುಡ್ಡಿಗೆ ಒಡೆಯನಾಗುವುದಿಲ್ಲ, ವಾರಸುದಾರರ ಪರವಾಗಿ ತೆಗೆದುಕೊಳ್ಳುತ್ತಾನೆ ಅಷ್ಟೇ ಅನ್ನುವುದನ್ನೂ ತಿಳಿಸುತ್ತಿದ್ದೇವೆ. ಜೊತೆಗೆ ಪ್ರತಿಯೊಬ್ಬರೂ ಒಂದು ಹಾಳೆ ಬರೆಯಬೇಕು. ಯಾವ ಬ್ಯಾಂಕು, ಯಾವ ಪಾಲಿಸಿ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಯಾವ ಗುಳಿಗೆ ಯಾವ ಹೊತ್ತಿಗೆ. ಬರೆಯಲು ಬಾರದವರ ಮನೆಗೆ ಫಾರ್ಮಸಿಸ್ಟರೂ ನಾನೂ ಹೋಗಿ ಕೂರುತ್ತೇವೆ. ಯಜಮಾನರ ಪಕ್ಕದಲ್ಲಿ ಅವರ ಮನೆಯವರೂ ಕೂತಿರಬೇಕು ಅನ್ನುವುದು ನಮ್ಮ ಷರತ್ತು. ಪಿನ್, ಪಾಸ್‌ವರ್ಡ್ ಆ ಹಾಳೆಯಲ್ಲಿ ಬರೆಯುವುದಿಲ್ಲ, ಹಾಳೆಯ ಫೋಟೋ ಗುಂಪಿಗೆ ಹಾಕುವುದಿಲ್ಲ. ಪೆನ್ಶನ್‌ದಾರರು ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ ಕೊಡುತ್ತಾರಲ್ಲ, ಅದೇ ವಾರ ಈ ಹಾಳೆಯನ್ನೂ ತೆಗೆದು ತಿದ್ದುವುದು ಅಂತ ಮಾತಾಗಿದೆ. ಬೆರಳ ಗುರುತು ಬಾರದವರ ಪ್ರಮಾಣ ಪತ್ರವನ್ನು ಮುಖ ತೋರಿಸಿ ಮೊಬೈಲಿನಲ್ಲೇ ಮಾಡಬಹುದು. ಅದನ್ನು ಮಾಡಿಕೊಡಲು ನಮ್ಮಲ್ಲಿ ಮೂವರು ಕಲಿತಿದ್ದಾರೆ.